ರೆಕ್ಕೆಯ ಆಚೆ ಕೂತ ಬೀಗರು

"ಕಾವ್ಯ, ದಬ್ಬಣ ತೂರಿಸ್ತಾ ಇದ್ದೀನಿ ಅಂತ ನಿಮ್ಮಪ್ಪನಿಗೆ ಹೇಳವ್ವ," ಎಂದರು ಗುರುಪಾದಸ್ವಾಮಿ.

ಅಪ್ಪ ಕೂತಿದ್ದುದು ಎರಡೇ ಅಡಿ ಆಚೆ. ನಡುವೆ ವಿಮಾನದ ರೆಕ್ಕೆಯೊಂದು ಗೋಡೆಯ ಹಾಗೆ ನಿಂತಿತ್ತು. ಅದರ ತುದಿಯಲ್ಲಿ ನಿಂತಿದ್ದ ಸೊಸೆ ಕಾವ್ಯಶ್ರೀ ಆ ಕಡೆಗೆ ಕತ್ತು ತಿರುಗಿಸಿ, "ಅಪ್ಪ, ಮಾವ ದಬ್ಬಣ ತೂರುಸ್ತಾವ್ರಂತೆ" ಎಂದಳು. "ತೂರುಸ್ಲಿ ಬುಡವ್ವ, ಯಾರ್ ಬ್ಯಾಡ ಅಂದರು?" ಎಂದರು ಚಿಕ್ಕಮಲ್ಲಪ್ಪ. ಅವಳು ಈ ಕಡೆಗೆ ತಿರುಗಿ, "ತೂರುಸ್ಬೋದಂತೆ ಮಾವ" ಎಂದಳು. ಬೆಳಗಿನಿಂದ ಹೀಗೆ ಹದಿನೆಂಟು ಹೊಲಿಗೆ ಬಿದ್ದಿದ್ದವು. ಕಾವ್ಯಶ್ರೀಯ ಕತ್ತು ಉಳುಕುವುದೊಂದು ಬಾಕಿ.

ಐಟಿಐನಲ್ಲಿ ಫಿಟ್ಟರ್ ಮೇಷ್ಟರಾಗಿ ನಿವೃತ್ತರಾದ ಗುರುಪಾದಸ್ವಾಮಿ ಗುಂಡ್ಲುಪೇಟೆಯ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ವಿಮಾನ ಕಟ್ಟುತ್ತಿದ್ದರು. ನೂರು ವರ್ಷ ಹಳೆಯ ಮಾದರಿ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಒಳಗೆ ಮರದ ಪಟ್ಟಿಗಳು, ಮೇಲೆ ಬಟ್ಟೆ. "ಹಾರ್ತದಾ ಸಾ?" ಎಂದು ಕೇಳುತ್ತಿದ್ದ ಊರಿನವರು ಈಗ ಕೇಳುವುದನ್ನೂ ಬಿಟ್ಟಿದ್ದರು. ಬಟ್ಟೆ ಅಂಟಿಸಿ, ಇಸ್ತ್ರಿ ಪೆಟ್ಟಿಗೆ ಆಡಿಸಿ, ಅದನ್ನು ತಮಟೆಯಂತೆ ಬಿಗಿ ಮಾಡುವವರೆಗೂ ಮೇಷ್ಟರು ಯಾರ ಹಂಗಿಗೂ ಬೀಳಲಿಲ್ಲ. ಸಿಕ್ಕಿಬಿದ್ದದ್ದು ಹೊಲಿಗೆಯಲ್ಲಿ. ಮೊಳದುದ್ದದ ದಬ್ಬಣವನ್ನು ರೆಕ್ಕೆಯ ಈ ಮೈಯಿಂದ ಆ ಮೈಗೆ ತೂರಿಸಿ, ಒಳಗಿನ ಪಟ್ಟಿಯನ್ನು ಬಳಸಿಕೊಂಡು ವಾಪಸು ತಂದು ಗಂಟು ಹಾಕಬೇಕು. ಈಚೆಗೊಬ್ಬ, ಆಚೆಗೊಬ್ಬ ಇಲ್ಲದೆ ಆಗದ ಕೆಲಸ. ದಬ್ಬಣದಲ್ಲಿ ಪಳಗಿದ ಕೈ ಎಂದರೆ ಅವರಿಗೆ ಗೊತ್ತಿದ್ದುದು ಒಂದೇ, ಹರವೆ ಊರಿನಲ್ಲಿ ಹತ್ತಿಯ ಹಾಸಿಗೆ ಹೊಲಿಯುವ ಬೀಗರದು.

ಆ ಬೀಗರೋ, ಏಳು ತಿಂಗಳಿಂದ ಮಾತು ಬಿಟ್ಟಿದ್ದರು. ಮೊಮ್ಮಗನ ನಾಮಕರಣಕ್ಕೆಂದು ತಾವೇ ಹೊಲಿದ ಪುಟ್ಟ ಹಾಸಿಗೆ ಹೊತ್ತು ಹೊರಟಿದ್ದರು. ತೆರಕಣಾಂಬಿಯಲ್ಲಿ ಬಸ್ಸು ಕೆಟ್ಟಿತು. ಹತ್ತು ನಿಮಿಷ ತಡವಾಗಿ ಬಂದು ನೋಡಿದರೆ ಮಗುವಿಗೆ ಹೆಸರಿಟ್ಟು ಆಗಿತ್ತು. "ಗಳಿಗೆ ಮೀರೋಗ್ತಿತ್ತು" ಎಂದರು ಗುರುಪಾದಸ್ವಾಮಿ. ಚಿಕ್ಕಮಲ್ಲಪ್ಪ ಹಾಸಿಗೆಯನ್ನು ಹೊಸಿಲ ಮೇಲಿಟ್ಟು, ಒಂದು ತುತ್ತೂ ಉಣ್ಣದೆ ತಿರುಗಿ ನಡೆದರು. ಅವತ್ತಿನಿಂದ ಕಾವ್ಯಶ್ರೀ ತವರಿಗೆ ಹೋಗಿಲ್ಲ. ಕರೆಯಲು ಅವರಿಗೆ ಬಿಗುಮಾನ, ಕರೆಯದೆ ಕಳಿಸಲು ಇವರಿಗೆ ಬಿಗುಮಾನ. ಮಗಳು ಫೋನಿನಲ್ಲಿ ಅತ್ತು ಕರೆದದ್ದಕ್ಕೆ, "ಹೊಲ್ಕೊಟ್ಟು ಓಯ್ತೀನಿ, ಮಾತ್ಗೀತು ಇಲ್ಲ ಕಣವ್ವ" ಎಂಬ ಕರಾರಿನ ಮೇಲೆ ಇವತ್ತು ಬಂದಿದ್ದರು. ಇದೆಲ್ಲ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ತಿಳಿದಿದ್ದ ಮಗ ಬಸವಪ್ರಸಾದ್, ಭಾನುವಾರವೂ ಡ್ಯೂಟಿ ಇದೆಯೆಂದು ಬೆಳಿಗ್ಗೆಯೇ ಜಾಗ ಖಾಲಿ ಮಾಡಿದ್ದ.

ಹತ್ತೊಂಬತ್ತನೆಯ ಹೊಲಿಗೆಯ ಹೊತ್ತಿಗೆ ಮನೆಯೊಳಗೆ ಕೂಸು ಎದ್ದು ರಚ್ಚೆ ಹಿಡಿಯಿತು. ಕಾವ್ಯಶ್ರೀ ಓಡಿದಳು. ಬೀಗರಿಬ್ಬರೂ ಮಾತು ಸಾಗಿಸುವವರಿಲ್ಲದೆ ಸುಮ್ಮನೆ ಕೂತರು. ಸುಮಾರು ಹೊತ್ತಾದ ಮೇಲೆ ಗುರುಪಾದಸ್ವಾಮಿ ಒಮ್ಮೆ ಕೆಮ್ಮಿದರು. ಆಚೆಯಿಂದಲೂ ಒಂದು ಕೆಮ್ಮು ಬಂತು. ಒಪ್ಪಿಗೆ ಸಿಕ್ಕಿತೆಂದುಕೊಂಡು ದಬ್ಬಣ ತೂರಿಸಿದರು.

"ಅಯ್ಯಪ್ಪೋ! ಸತ್ತೆ!"

ಪಾಪ, ಅದು ಬರೀ ಕೆಮ್ಮಾಗಿತ್ತು.

ಗುರುಪಾದಸ್ವಾಮಿ ದಬ್ಬಣದಿಂದ ಕೈ ತೆಗೆದರು. ರಸ್ತೆಯಲ್ಲಿ ಊಟಿಗೆ ಹೊರಟ ಟೂರಿಸ್ಟ್ ಬಸ್ಸುಗಳು ಸಾಲಾಗಿ ಹಾರ್ನ್ ಬಾರಿಸುತ್ತ ಹೋದವು. ಆ ಗದ್ದಲ ಮುಗಿದರೂ ಆಚೆಯಿಂದ ಬೈಗುಳವಿಲ್ಲ, ನರಳಾಟವಿಲ್ಲ. ಎದ್ದು ಹೋಗಿ ನೋಡೋಣವೆಂದರೆ ಯಾವ ಮುಖ ಹೊತ್ತು ಹೋಗುವುದು? ಇವತ್ತು ಬೀಗರು ಹೀಗೇ ಎದ್ದು ಹೋದರೆ ರೆಕ್ಕೆಯೂ ಮುಗಿಯಿತು, ನಂಟೂ ಮುಗಿಯಿತು ಎಂದುಕೊಂಡರು. ಅಷ್ಟರಲ್ಲಿ ದಾರ ಮೆಲ್ಲಗೆ ಆಚೆಗೆ ಜಗ್ಗಿತು. ದಬ್ಬಣ ಪಟ್ಟಿಯ ಪಕ್ಕದಲ್ಲೇ ಅಚ್ಚುಕಟ್ಟಾಗಿ ವಾಪಸು ಬಂತು. ಅಷ್ಟು ಚುಚ್ಚಿಸಿಕೊಂಡ ಮನುಷ್ಯ ತುಟಿ ಪಿಟಕ್ಕೆನ್ನದೆ ಕೆಲಸ ಮುಂದುವರಿಸಿದ್ದ. ಮೇಷ್ಟರ ಕಣ್ಣು ತುಂಬಿ ಬಂತು. ಏಳು ತಿಂಗಳಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು, ಮುಖ ಕಾಣದಿದ್ದ ಧೈರ್ಯಕ್ಕೆ, ಬಟ್ಟೆಯ ಮುಂದೆ ಬಂದೇಬಿಟ್ಟಿತು.

"ತಪ್ಪಾಯ್ತು ಬೀಗ್ರೇ. ಈ ಚುಚ್ಚಿದ್ದಲ್ಲ, ಅವತ್ತಿಂದು. ಗಳಿಗೆ ಗಿಳಿಗೆ ಏನೂ ಮೀರ್ತಿರ್ನಿಲ್ಲ. ಇನ್ನೂ ಅರ್ಧ ಗಂಟೆ ಅದೆ, ಕಾಯನ ಅಂತ ಅಯ್ನೋರೇ ಅಂದ್ರು. ನಾನೇ ಕೇಳ್ನಿಲ್ಲ. ಪಂಕ್ತೀಲಿ ಜನ ಕೂತ್ಬುಟ್ಟಿದ್ರು, ಪಾಯಸ ಆರೋಯ್ತದೆ ಅಂತ ಅವಸರ ಮಾಡ್ಬುಟ್ಟೆ. ಆಮೇಲೆ ನಿಜ ಹೇಳಕ್ಕೆ ನಾಚ್ಕೆ ಆಯ್ತು ಕಣಪ್ಪ. ಮಗೀನ್ ತಾತ ಬರೋದ್ಕಿಂತ ನಂಗೆ ಪಾಯಸ ಹೆಚ್ಚಾಗೋಯ್ತು."

ಗುರುಪಾದಸ್ವಾಮಿ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು, ಉತ್ತರಕ್ಕೆಂದು ಬಟ್ಟೆಗೆ ಕಿವಿ ಹಚ್ಚಿದರು.

"ಅಪ್ಪ ಒಳಗೆ ಬೆರಳಿಗೆ ಅರಿಶಿನ ಹಚ್ಕತಾವ್ರೆ ಮಾವ," ಎಂದಿತು ಆಚೆಯಿಂದ ಕಾವ್ಯಶ್ರೀಯ ದನಿ. "ದಬ್ಬಣ ಎಳ್ದಿದ್ದು ನಾನು. ಅವ್ರು ಈಗ ಬತ್ತರೆ. ಬಂದ್ ಕೂತ್ಮೇಲೆ ಎಲ್ಲಾನೂ ಇನ್ನೊಂದ್ಸತಿ ಹೇಳಿ. ಪಾಯಸದ್ ವಿಚಾರ ಮಾತ್ರ ಬುಟ್ಬುಡ್ಬೇಡಿ."