ಮರೆತ ಚರಣ

"ಇವತ್ತು ತುಟಿ ಆಡಿಸಬೇಡಮ್ಮ. ನೇರ ಪ್ರಸಾರ. ಒಂದು ಕ್ಯಾಮೆರಾ ನಿನ್ನ ಮುಖದ ಮೇಲೇ ಇರುತ್ತೆ," ಎಂದರು ವ್ಯವಸ್ಥಾಪಕರು. ಸದಾ ಗಡಿಯಾರ ನೋಡುವ ಅವರನ್ನು ವಾದ್ಯದವರೆಲ್ಲ ಬೆನ್ನ ಹಿಂದೆ 'ಮುಳ್ಳು' ಎನ್ನುತ್ತಿದ್ದರು. ಇಂದು ಮುಳ್ಳು ಗಡಿಯಾರ ನೋಡಲಿಲ್ಲ. ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿದರು.

ತಂಬೂರಿಯವಳು ತಲೆಯೆತ್ತಿದಳು. "ಹಾಡೋವಾಗ ಅವರು ಸಾಲು ಮರೆತರೆ?"

"ಮರೆತರೆ ಜನ ನಾಲ್ಕು ದಿನ ಆಡ್ಕೋತಾರೆ. ನೀನು ಹೇಳಿಕೊಡೋದು ಕಂಡರೆ ಮುಗೀತು. ಇನ್ಮೇಲೆ ಅವರನ್ನ ಯಾರೂ ಕರೆಯೋಲ್ಲ."

ದೊಡ್ಡ ಜ್ವರವೊಂದರಿಂದ ಎದ್ದ ಮೇಲೆ ಆ ಹೆಸರಾಂತ ಗಾಯಕರಲ್ಲಿ ರಾಗ ಉಳಿದಿತ್ತು, ಹಾಡಿನ ಮಾತು ಜಾರುತ್ತಿತ್ತು. ಇವಳು ಅಜ್ಜಿಯ ಮಡಿಲಲ್ಲಿ ಪದ್ಯ ಕೇಳುತ್ತ ಬೆಳೆದವಳು. ಅವರ ಎಡಕ್ಕೆ ಕೂತು ತಂಬೂರಿ ಮೀಟುತ್ತ, ದನಿಯಿಲ್ಲದೆ ತುಟಿಯಲ್ಲೇ ಸಾಲು ತೋರಿಸುವುದು ಇವಳ ನಿಜವಾದ ಕೆಲಸ. ಗಾಯಕರು ಇವಳನ್ನೇ ನೋಡಿ ಹಾಡುತ್ತಾರೆಂದು ಪತ್ರಿಕೆಗಳು ಬರೆದವು. "ಏನೇ, ಅವರಿಗೆ ನಿನ್ನ ಬಿಟ್ಟು ಬೇರೇನೂ ಕಾಣ್ಸೋಲ್ವಂತೆ? ನಿಮ್ಮ ಭಾವ ನನ್ನ ಹಾಗೆ ನೋಡಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ," ಎಂದು ಅಕ್ಕ ಫೋನಿನಲ್ಲಿ ನಕ್ಕಿದ್ದಳು. ಇವಳಿಗೆ ನಗು ಬಂದಿರಲಿಲ್ಲ. ಮನಸ್ಸು ಎಂದೋ ಸೋತಿತ್ತು. ಅವರು ನೋಡುವುದು ತನ್ನನ್ನೋ ಬರಿಯ ಸಾಲನ್ನೋ ಎಂದು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಪರದೆ ಸರಿಯುವ ಮುನ್ನ ಗಾಯಕರು ಇವಳತ್ತ ಬಾಗಿದರು. "ಮುಳ್ಳು ಹೇಳಿದ್ದು ಬಾಗಿಲಾಚೆಗೂ ಕೇಳಿಸ್ತು. ನೀನು ಸುಮ್ಮನೆ ಕೂತಿರು."

"ನಿಮಗೆ ಹೆದರಿಕೆ ಇಲ್ವಾ?"

"ಇದೆ. ಅದನ್ನ ಹಾಡೋಕೆ ಪದ ಸಿಕ್ಕಿಲ್ಲ, ಅಷ್ಟೆ."

ಮೂರನೆಯ ಹಾಡು ಒಂದು ಪ್ರಾರ್ಥನೆ. ಎರಡನೆಯ ಚರಣಕ್ಕೆ ಬಂದಾಗ ಅವರ ದನಿ ಒಂದೇ ಸ್ವರದ ಸುತ್ತ ಸುತ್ತತೊಡಗಿತು, ಕೂರಲು ಕೊಂಬೆ ಕಾಣದ ಹಕ್ಕಿಯಂತೆ. ಮರೆತಿದ್ದರು. ಕಣ್ಣು ಇವಳತ್ತ ಬಂತು. ಅದೇ ಗಳಿಗೆಗೆ ಎದುರಿನ ಕ್ಯಾಮೆರಾದ ಕೆಂಪು ದೀಪ ಹೊತ್ತಿಕೊಂಡಿತು. ಆದದ್ದಾಗಲಿ ಎಂದು ಇವಳು ತುಟಿ ತೆರೆದಳು. ಸಾಲು ಇರಲಿಲ್ಲ. ಹಾಲುಹಲ್ಲಿನ ಕಾಲದಿಂದ ಬಾಯಲ್ಲಿದ್ದ ಚರಣ ಇವಳಿಗೂ ಮರೆತುಹೋಗಿತ್ತು. ಒಣಗಿದ ತುಟಿ ತನ್ನಷ್ಟಕ್ಕೆ ತಾನೇ ಆಡಿತು: ಭಯವಾಗುತಿದೆ, ಕೈ ಬಿಡಬೇಡ. ದೇವರಿಗೆ ಹೇಳಿದಳೋ, ಅವರಿಗೋ, ಇವಳಿಗೇ ತಿಳಿಯದು.

ಅವರು ಅದನ್ನೇ ಚರಣವೆಂದು ನಂಬಿ ಹಾಗೆಯೇ ಹಾಡಿದರು. "ಭಯವಾಗುತಿದೆ... ಕೈ ಬಿಡಬೇಡ..."

ಸಭೆಯ ಮುಂದಿನ ಸಾಲಿನಲ್ಲೊಬ್ಬರು ಕೈ ಮುಗಿದರು. ಎರಡನೆಯ ಸಲ ಹಾಡುವಾಗ ಅವರ ದನಿ ಒಮ್ಮೆ ಎಡವಿತು. ಇದು ಹಾಡಿನಲ್ಲಿಲ್ಲದ ಮಾತೆಂದು ಅವರಿಗೆ ತಿಳಿದುಹೋಗಿತ್ತು. ಮೂರನೆಯ ಸಲ ಅವರು ಕಣ್ಣು ಮುಚ್ಚಿದರು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಇವಳ ತುಟಿ ನೋಡದೆ ಹಾಡಿದರು. ಅವರ ಎಡಗೈ ಮೆಲ್ಲಗೆ ಇಳಿದು, ಇಬ್ಬರ ನಡುವಿನ ಜಮಖಾನದ ಮೇಲೆ ಅಂಗೈ ಮೇಲಾಗಿ ತೆರೆದುಕೊಂಡಿತು.

ಕ್ಯಾಮೆರಾ ಆ ಅಂಗೈಯತ್ತ ತಿರುಗಿತು. ಪರದೆಯ ಮರೆಯಲ್ಲಿ ಮುಳ್ಳು ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದರು. ಇವಳು ತಂತಿಯಿಂದ ಕೈ ತೆಗೆದು ಅತ್ತ ಚಾಚಿದರೆ ಶ್ರುತಿ ನಿಲ್ಲುತ್ತದೆ. ಅಷ್ಟು ದೊಡ್ಡ ಸಭೆಯಲ್ಲಿ ಅವರ ದನಿ ಒಂಟಿಯಾಗುತ್ತದೆ.

ತಂಬೂರಿ ನಿಂತಿತು.