ಸುಟ್ಟುಹೋದ ಪುಟ

“ಪುಟ ಸುಟ್ಟುಹೋಗಿದೆ ಅಂದ್ರೆ ಸುಟ್ಟುಹೋಗಿದೆ ತಾಯಿ. ಬೂದಿ ನೋಡ್ಕೊಂಡು ಸರ್ಟಿಫಿಕೇಟ್ ಬರ್ಕೊಡಕ್ಕಾಗತ್ತಾ?” ಎಂದು ಜನನ-ಮರಣ ವಿಭಾಗದ ಗುಮಾಸ್ತ ರೇಗಿದ. ಹೊಲಿಗೆಯವಳು ಕಿಟಕಿಯ ಸರಳು ಬಿಡಲಿಲ್ಲ.

ಅವಳು ಕೇಳುತ್ತಿದ್ದದ್ದು ಅಜ್ಜಿಯ ಜನನ ಪತ್ರ. ಆಸ್ಪತ್ರೆಯಲ್ಲಿ ಮಲಗಿದ್ದ ಅಪ್ಪ ಅನಾಥಾಲಯದಲ್ಲಿ ಬೆಳೆದವರು. ತಾಯಿಯ ಹೆಸರು, ಆಕೆ ಹುಟ್ಟಿದ ವರ್ಷ ಬಿಟ್ಟರೆ ಅವರಿಗೆ ಬೇರೇನೂ ಗೊತ್ತಿರಲಿಲ್ಲ. “ಕಣ್ಮುಚ್ಚೋ ಮುಂಚೆ ನಾನು ಯಾರ ಮನೆಯವನು ಅಂತ ತಿಳ್ಕೋಬೇಕು ಕಣಮ್ಮ” ಎಂದು ನಿನ್ನೆ ಮಗಳ ಕೈ ಹಿಡಿದಿದ್ದರು. ಪತ್ರ ಸಿಕ್ಕಿದ್ದರೆ ಆ ಮನೆಯ ವಿಳಾಸವಾದರೂ ಸಿಗುತ್ತಿತ್ತು.

“ಇನ್ನೊಂದ್ಸಲ ನೋಡಿ ಅಣ್ಣ, ಕಾಲಿಗೆ ಬೀಳ್ತೀನಿ,” ಎನ್ನುವಾಗ ಅವಳ ದನಿ ಒಡೆಯಿತು. ಗುಮಾಸ್ತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ಇವತ್ತೇನು ಎಲ್ರೂ ನನ್ನ ಕರುಳು ಹಿಂಡೋಕೇ ಬಂದಿದ್ದೀರಾ? ಈಗ ತಾನೇ ಒಬ್ರು ವಯಸ್ಸಾದಮ್ಮ ಇದೇ ಹೆಸರು, ಇದೇ ವರ್ಷ ಹೇಳಿ ಅತ್ಕೊಂಡು ಹೋದ್ರು.”

ಹೊಲಿಗೆಯವಳು ಮೆಟ್ಟಿಲಿಳಿದು ಬಿದ್ದಂಬೀಳ ಓಡಿದಳು. ಬೀದಿಯ ಆಚೆ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಾ ಬಸ್ಸಿಗೆ ಕಾಲಿಡುತ್ತಿದ್ದಳು. ಅವಳ ಚೀಲವನ್ನೇ ಹಿಡಿದು ಜಗ್ಗಿ, “ಅಮ್ಮಾ, ಒಳಗೆ ಯಾರ ಪತ್ರ ಕೇಳಿದ್ರಿ?” ಎಂದಳು. ಮುದುಕಿ ಬೆಚ್ಚಿ ಕೆಳಗಿಳಿದಳು. “ನಮ್ಮಮ್ಮಂದು. ಅವಳ ಕಡೆಯವರು ಸಿಕ್ರೆ, ಚಿಕ್ಕಂದಿನಲ್ಲೇ ತಪ್ಪಿಹೋದ ನನ್ನ ತಮ್ಮ ಎಲ್ಲಿದ್ದಾನೆ ಅಂತ ಕೇಳೋಣ ಅಂತಿದ್ದೆ. ನೀನ್ಯಾರಮ್ಮ?” ಬಸ್ಸು ಹೊರಟೇಹೋಯಿತು. ಹೊಲಿಗೆಯವಳು ಏದುಸಿರು ಬಿಡುತ್ತಲೇ ಮುದುಕಿಯ ಕೈ ಹಿಡಿದಳು.

“ಅತ್ತೆ, ಬೇಗ ಬನ್ನಿ,” ಎಂದಳು. “ಅಪ್ಪ ಇನ್ನೂ ಉಸಿರಾಡ್ತಿದ್ದಾರೆ.”