ಕಲ್ಲಾದ ಪೆಡಲ್

ಗ್ಯಾರೇಜಿನ ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಚನ್ನಗಿರಿಯ ಆ ಮಧ್ಯಾಹ್ನ ನೆನಪಾಗಿ ಮೈ ಉರಿಯುತ್ತದೆ.

ನಾನಾಗ ಐದನೇ ಕ್ಲಾಸು. ಅಪ್ಪ ಅಕ್ಕಿ ಗಿರಣಿ ಯಜಮಾನರ ಕಾರು ಓಡಿಸುತ್ತಿದ್ದರು. ಹಿಂದಿನ ದಿನ ಸೂಳೆಕೆರೆ ಏರಿಯ ಇಳಿಜಾರಿನಲ್ಲಿ ಕಾರು ನಿಲ್ಲದೆ ಕಲ್ಲಿಗೆ ಗುದ್ದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಅಪ್ಪನಿಗೆ ಬುತ್ತಿ ಕೊಡಲು ಹೋದರೆ ಗ್ಯಾರೇಜಿನ ಮುಂದೆ ಜನ ಸೇರಿದ್ದರು.

"ನಿಮ್ಮ ಕೇರಿಯೋರ ಕೈಗೆ ಗಾಡಿ ಕೊಟ್ಟಿದ್ದೇ ನನ್ನ ತಪ್ಪು. ಬ್ರೇಕ್ ತುಳಿಯಾಕೂ ಬರಲ್ಲ," ಎಂದು ಯಜಮಾನರು ಕೂಗುತ್ತಿದ್ದರು.

"ಎಷ್ಟು ತುಳಿದ್ರೂ ಪೆಡಲ್ ಕಲ್ಲಾಗಿತ್ತು ಯಜಮಾನ್ರೇ," ಎಂದರು ಅಪ್ಪ.

ಮಿಸ್ತ್ರಿ ಬಾಷಾ ಸಾಬರು ಯಜಮಾನರನ್ನೇ ಸೀಟಿನಲ್ಲಿ ಕೂರಿಸಿದರು. "ಎಂಜಿನ್ ಆಫ್ ಇರ್ಲಿ. ನಾಕೈದು ಸಲ ಬ್ರೇಕ್ ತುಳೀರಿ. ಈಗ ಕಾಲು ತೆಗೀದೇ ಸ್ಟಾರ್ಟ್ ಮಾಡ್ರಿ. ಪೆಡಲ್ ಕೆಳಗೆ ಇಳೀತೇನ್ರೀ?"

"ಇಲ್ಲ."

"ಇಳೀಬೇಕಿತ್ತು. ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಸತ್ತೈತೆ. ಡ್ರೈವರ್ ತಪ್ಪಿಲ್ಲ."

ಯಜಮಾನರು ಇಳಿದು ಪಂಚೆ ಕೊಡವಿದರು. "ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ?" ಎಂದು ಅಪ್ಪನಿಗೇ ಗದರಿದರು.

ಅಪ್ಪ ವಾರದ ಕೆಳಗೇ ಅವರ ಮನೆ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದ್ದರು. ನಾನೂ ಜೊತೆಗಿದ್ದೆ.

"ಸುಳ್ಳು! ಅಪ್ಪ ಹೇಳಿದ್ರು. ನೀವೇ 'ಸುಮ್ನೆ ಓಡ್ಸು' ಅಂದ್ರಿ!" ಎಂದು ಕಿರುಚಿದೆ.

ಅಪ್ಪ ನನ್ನ ರಟ್ಟೆ ಹಿಡಿದರು. "ದೊಡ್ಡೋರಿಗೆ ಹಂಗನ್ನಬಾರ್ದವ್ವ. ತಪ್ಪಾಯ್ತು ಅನ್ನು."

ನಾನು ಬಿಡಿಸಿಕೊಳ್ಳಲು ಕೊಸರಾಡಿದೆ. ಹಿಡಿತ ಇನ್ನಷ್ಟು ಬಿಗಿಯಾಯಿತು. "ಅನ್ನವ್ವ."

"ತಪ್ಪಾಯ್ತು," ಎಂದೆ.

"ಇರ್ಲಿ ಬಿಡು," ಎಂದು ಯಜಮಾನರು ಅಷ್ಟು ಜನರೆದುರು ನನ್ನನ್ನು ಕ್ಷಮಿಸಿದರು.